ದೀಪಕ್ಕೆ ನಿಲ್ಲುವ ಫ್ಯಾನು ಮಣಿಗೆ ಯಾಕೆ ನಿಲ್ಲುವುದಿಲ್ಲ?

ಓದುವ ಎಲ್ಲರಿಗೂ ನಮಸ್ಕಾರ. ಮೊದಲೇ ಕೈ ಮುಗಿದು ಹೇಳಿಬಿಡುತ್ತೇನೆ, ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಮೀಸೆ ಬೆಳ್ಳಗಾಗುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು. ಮೊಬೈಲಿನಲ್ಲಿ ಒಂದೇ ಬೆರಳಲ್ಲಿ ಟೈಪು ಮಾಡುತ್ತೇನೆ. ಆ ಬೆರಳಿನ ತುದಿ ಬಿಸಿ ಗಾಜು ತಾಗಿ ತಾಗಿ ದಪ್ಪವಾಗಿದೆ, ಒಂದು ಅಕ್ಷರ ಒತ್ತಿದರೆ ಪಕ್ಕದ್ದೂ ಬರುತ್ತದೆ. ಒತ್ತು, ದೀರ್ಘ ತಪ್ಪಿದ್ದರೆ ಕ್ಷಮಿಸಬೇಕು. ಸಿಟ್ಟಿನಲ್ಲಿ ಬರೆದದ್ದು ಅಂತ ಕಂಡರೆ ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಸಿಟ್ಟು ಇನ್ನೂ ಇದೆ.

ನಾವು ಗಾಜಿನ ಮಣಿ ಮಾಡುವವರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರು ತಾಲೂಕು ಸೇರಿ ನಲವತ್ತು ಜನ ಇರಬಹುದು. ಗ್ಯಾಸಿನ ಬರ್ನರ್ ಮುಂದೆ ಕೂತು, ಬಣ್ಣದ ಗಾಜಿನ ಕೋಲನ್ನು ಉರಿಯಲ್ಲಿ ಕರಗಿಸಿ, ಮಣ್ಣು ಬಳಿದ ಸ್ಟೀಲ್ ಕಡ್ಡಿಗೆ ಸುತ್ತಿ ಒಂದೊಂದೇ ಮಣಿ ಮಾಡುವುದು. ತಣಿದ ಮೇಲೆ ಕಡ್ಡಿ ಎಳೆದರೆ ಅದರ ಜಾಗವೇ ದಾರ ಹಾಕುವ ತೂತು. ಕೆಲವರು ಕರಿಮಣಿ ಮಾಡುತ್ತಾರೆ, ಕೆಲವರು ಕಿವಿಗೆ, ಕೊರಳಿಗೆ ಬೇಕಾದ್ದು ಮಾಡುತ್ತಾರೆ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಸಮ್ಮೇಳನ ನಡೆಸುತ್ತೇವೆ. ಅದಕ್ಕೆ ನಾನು ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ಕುರ್ಚಿ ಜೋಡಿಸುವವನು, ವೇದಿಕೆಯ ಮೇಲೆ ನೀರಿನ ಬಾಟಲಿ ಇಡುವವನು, ಸ್ವಿಚ್ ಬೋರ್ಡ್ ಹತ್ತಿರ ನಿಲ್ಲುವವನು.

ಹೋದ ವರ್ಷದ ಸಮ್ಮೇಳನದಲ್ಲಿ ನಡೆದದ್ದನ್ನು ಮೊದಲು ಹೇಳಬೇಕು.

ನಾವುಂದದಲ್ಲಿ ಒಬ್ಬರು ಅಕ್ಕ ಇದ್ದಾರೆ. ಎಪ್ಪತ್ತು ದಾಟಿದೆ. ಮೀನು ಮಾರುವ ಮನೆಯವರು. ಮದುವೆಯಾಗಿ ಮುಂಬೈಗೆ ಹೋದಾಗ ಅಲ್ಲಿನ ಚಾಳಿನಲ್ಲಿ ಮಣಿ ಕೆಲಸ ಕಲಿತು, ವಾಪಸು ಬಂದ ಮೇಲೂ ಬಿಡಲಿಲ್ಲ. ಅವರು ಮಾಡುವ ಒಂದು ಮಣಿಗೆ ನಾವು 'ಬಂಗುಡೆ ಕಣ್ಣು' ಅನ್ನುತ್ತೇವೆ. ಬೂದು ನೀಲಿ ಮಣಿ, ಅದರ ಮೇಲೆ ಬೆಳ್ಳಿ ಹಾಳೆಯ ಒಂದು ಚಿಕ್ಕ ಬಿಲ್ಲೆ, ಅದರ ನಡುವೆ ಕಪ್ಪು ಬೊಟ್ಟು, ಎಲ್ಲದರ ಮೇಲೆ ನೀರಿನ ಹನಿಯಂತೆ ಬಣ್ಣವಿಲ್ಲದ ಗಾಜು. ಯಾವ ಕಡೆಯಿಂದ ನೋಡಿದರೂ ಅದು ನಮ್ಮನ್ನೇ ನೋಡುತ್ತದೆ, ಈಗ ಬಲೆಯಿಂದ ಬಿಡಿಸಿದ ಮೀನಿನ ಹಾಗೆ. ನಾವೆಲ್ಲ ಪ್ರಯತ್ನ ಮಾಡಿ ಸೋತಿದ್ದೇವೆ. ಬೆಳ್ಳಿಗೂ ಗಾಜಿಗೂ ನಡುವೆ ಒಂದು ಚೂರು ಗಾಳಿ ಸಿಕ್ಕಿಕೊಂಡರೆ ಸಾಕು, ಕಣ್ಣು ಮಬ್ಬಾಗುತ್ತದೆ. ನಾನು ಮಾಡಿದ್ದನ್ನು ತೋರಿಸಿದರೆ ಅಕ್ಕ ಹೇಳುವುದು ಒಂದೇ ಮಾತು: "ಇದ್ ನಿನ್ನೆ ಮೀನ್, ತಮ್ಮ."

ಅವರು ಯಾವ ಸಭೆಗೂ ಬಂದವರಲ್ಲ. ನಾನು ಮೂರು ಸಲ ಮನೆಗೆ ಹೋಗಿ, ಎಲ್ಲರ ಎದುರು ಒಂದು ಬಂಗುಡೆ ಕಣ್ಣು ಮಾಡಿ ತೋರಿಸಿ ಅಂತ ಕೇಳಿ, ಒಪ್ಪಿಸಿದ್ದೆ.

ಸಮ್ಮೇಳನ ಕುಂದಾಪುರದ ಒಂದು ಹಾಲಿನಲ್ಲಿ. ನಮ್ಮ ಅಧ್ಯಕ್ಷರು ಮಣಿ ಮಾಡುವವರಲ್ಲ. ನಾಲ್ಕು ಜನ ಕೇಳುವ ಮಾತಿನವರು, ಹಾಲ್ ಕೊಡಿಸುತ್ತಾರೆ, ಊಟಕ್ಕೆ ದಾನಿಗಳನ್ನು ಹಿಡಿಯುತ್ತಾರೆ ಅಂತ ನಾವೇ ಕೂರಿಸಿದ್ದು. ಆಮಂತ್ರಣ ಪತ್ರಿಕೆಯನ್ನು ಅವರೇ ಮಾಡಿಸಿದ್ದರು. ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಶುಭ ಹಾರೈಸುವವರು, ಎರಡು ಪುಟ ತುಂಬ ಹೆಸರು. ಅದರಲ್ಲಿ ಬರ್ನರ್ ಹಚ್ಚಲು ಗೊತ್ತಿದ್ದವರು ಒಬ್ಬರೂ ಇಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಕಲಾವಿದರಿಂದ ಪ್ರಾತ್ಯಕ್ಷಿಕೆ, ಹದಿನೈದು ನಿಮಿಷ'. ಅಕ್ಕನ ಹೆಸರು ಇರಲಿಲ್ಲ. ಇದನ್ನು ನಾನು ಪ್ರೂಫಿನಲ್ಲೇ ನೋಡಿದ್ದೆ. ನೋಡಿ ಸುಮ್ಮನಿದ್ದೆ.

ಒಂಬತ್ತೂವರೆಗೆ ಅಂತ ಪತ್ರಿಕೆಯಲ್ಲಿತ್ತು, ಗಣ್ಯರು ಬಂದದ್ದು ಹನ್ನೊಂದಕ್ಕೆ. ದೀಪ ಬೆಳಗಿಸುವಾಗ ನಿರೂಪಕ ಮೈಕಿನಲ್ಲಿ, "ದಯವಿಟ್ಟು ಫ್ಯಾನ್ ನಿಲ್ಲಿಸಿ" ಎಂದ. ನಾನೇ ಎಲ್ಲ ಸ್ವಿಚ್ಚು ಆರಿಸಿದೆ. ಐದು ಬತ್ತಿ ಹೊತ್ತಿತು, ಫೋಟೊ ಆಯಿತು, ಚಪ್ಪಾಳೆ ಆಯಿತು. ಮತ್ತೆ ಹಾಕಿದೆ. ಇದು ನಮ್ಮ ಎಲ್ಲ ಸಭೆಗಳಲ್ಲೂ ನಡೆಯುವುದೇ. ಫ್ಯಾನು ಹಾಕಿದ ಮೇಲೆ ಆ ದೀಪ ಆರಿದರೂ ಯಾರೂ ತಿರುಗಿ ನೋಡುವುದಿಲ್ಲ.

ಆಮೇಲೆ ಭಾಷಣ. ಒಬ್ಬರು ಗಾಜಿನ ಮಣಿಗೂ ನಮ್ಮ ಸಂಸ್ಕೃತಿಗೂ ಇರುವ ಸಂಬಂಧ ಹೇಳಿದರು. ಇನ್ನೊಬ್ಬರು ಬಳೆಯ ವಿಷಯ ಮಾತನಾಡಿದರು, ಮಣಿಯದ್ದಲ್ಲ. ಅಕ್ಕ ಬೆಳಿಗ್ಗೆ ಒಂಬತ್ತಕ್ಕೇ ಬಂದು, ವೇದಿಕೆಯ ಮೂಲೆಯಲ್ಲಿ ತಮ್ಮ ಬರ್ನರ್, ಕಡ್ಡಿ, ಮಣಿ ತಣಿಸುವ ಬೂದಿ ಡಬ್ಬಿ ಎಲ್ಲ ಜೋಡಿಸಿಕೊಂಡು ಕಾದು ಕೂತಿದ್ದರು. ಅವರ ಸರದಿ ಬಂದಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು.

ವೇದಿಕೆಯ ಮುಂದಿನ ಅಂಚಿನಲ್ಲಿ, ಗಣ್ಯರ ಕಡೆ ಮುಖ ಮಾಡಿ ಒಂದು ದೊಡ್ಡ ಸ್ಟ್ಯಾಂಡ್ ಫ್ಯಾನು, ಮೇಲೆ ಎರಡು ತಿರುಗುವುದು. ಅಕ್ಕ ಬರ್ನರ್ ಹಚ್ಚಿದರು. ಉರಿ ಪೆನ್ಸಿಲಿನ ಹಾಗೆ ನೇರ ನಿಲ್ಲಬೇಕು. ಅದು ನಾಯಿ ಬಾಲದ ಹಾಗೆ ಆಡುತ್ತಿತ್ತು.

"ತಮ್ಮ, ಫ್ಯಾನ್ ಒಂದ್ ನಿಲ್ಸ್ ಕಾಂಬ. ಉರಿ ನಿಲ್ಲುದಿಲ್ಲೆ" ಎಂದರು.

ನಾನು ಹೋಗಿ ಅಧ್ಯಕ್ಷರ ಕಿವಿಯಲ್ಲಿ ಹೇಳಿದೆ. ಅವರು ನಗುಮುಖ ಬಿಡದೆ ಹಲ್ಲು ಕಚ್ಚಿ ಹೇಳಿದರು: "ಗಣ್ಯರ್ ಬೆವರ್ತಾ ಇದ್ದ್ರ್ ಮಾರಾಯಾ, ಕಾಂತಿಲ್ಯಾ? ಹತ್ ನಿಮ್ಷ ಅಲ್ದಾ? ಅಡ್ಜಸ್ಟ್ ಮಾಡುಕ್ ಹೇಳ್."

ನಾನು ಬಂದು ಅಕ್ಕನಿಗೆ ಹೇಳಿದೆ, "ಅಕ್ಕ, ಒಂಚೂರ್ ಅಡ್ಜಸ್ಟ್ ಮಾಡ್ಕಣಿ."

ಈ ಮಾತು ಹೇಳಿದ್ದು ನಾನು. ಇಪ್ಪತ್ತು ವರ್ಷ ಉರಿಯ ಎದುರು ಕೂತವನು. ಗಾಳಿ ತಾಗಿದ ಬಿಸಿ ಗಾಜು ಏನಾಗುತ್ತದೆ ಅಂತ ಗೊತ್ತಿದ್ದವನು. ಬೇರೆಯವರ ಮೇಲೆ ಸಿಟ್ಟು ಮಾಡುವ ಮೊದಲು ಇದನ್ನು ಬರೆಯಬೇಕು ಅಂತ ಬರೆದಿದ್ದೇನೆ.

ಅಕ್ಕ ಫ್ಯಾನಿಗೆ ಬೆನ್ನು ಕೊಟ್ಟು, ಮೈಯನ್ನೇ ಗೋಡೆ ಮಾಡಿಕೊಂಡು ಕೂತರು. ಸಭೆಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮಣಿ ಮಾಡುವವರು ಹಿಂದಿನ ಸಾಲಿನಲ್ಲಿ. ಅವರಿಗೆ ಬೆನ್ನೂ ಸರಿ ಕಾಣುವುದಿಲ್ಲ. ಹೇಗೋ ಬೆಳ್ಳಿ ಬಿಲ್ಲೆ ಇಟ್ಟರು, ಬೊಟ್ಟು ಇಟ್ಟರು, ಮೇಲಿನ ಗಾಜು ಹಾಕಿದರು. ಅಷ್ಟರಲ್ಲಿ ನಿರೂಪಕ ಮೈಕು ತಂದು ಅವರ ಕೈಯ ಹತ್ತಿರವೇ ಹಿಡಿದು, "ಇದೀಗ ಸಿದ್ಧವಾಗುತ್ತಿರುವ ಈ ಸುಂದರ ಮಣಿಯನ್ನು ನಮ್ಮ ಮುಖ್ಯ ಅತಿಥಿಗಳ ಹಸ್ತಕ್ಕೆ ನೀಡಲಾಗುವುದು" ಎಂದ.

ಅಕ್ಕ ಗಾಬರಿಯಾಗಿ ತಲೆ ಎತ್ತಿದರು. "ಈಗ ಕೊಡೂಕಾಗ! ಬೂದಿಗೆ ಹಾಕ್ಕ್. ತಣಿಯುಕೆ ನಾಳೆ ಬೆಳಿಗ್ಗೆ ಆಯ್ಕ್."

ತಲೆ ಎತ್ತಿದ ಆ ಒಂದು ಗಳಿಗೆಯಲ್ಲಿ ಮಣಿ ಉರಿಯಿಂದ ಹೊರಗೆ ಬಂತು. ಫ್ಯಾನಿನ ಗಾಳಿ ತಾಗಿತು. 'ಟಿಕ್' ಅಂತ ಶಬ್ದ. ಕಡ್ಡಿ ಹಿಡಿದವರಿಗೆ ಮಾತ್ರ ಕೇಳುವ ಶಬ್ದ ಅದು. ಮೈಕು ಹತ್ತಿರ ಇದ್ದ ಕಾರಣ ಹಾಲಿನ ನಾಲ್ಕೂ ಸ್ಪೀಕರಿನಲ್ಲಿ ಕೇಳಿತು.

ನಿರೂಪಕನಿಗೆ ತಮಾಷೆ. "ಹ್ವಾಯ್, ಮಣಿಗೂ ಹಸಿವಾಯ್ತ್ ಕಾಣ್ತ್! ಊಟಕ್ ಹೋಪ, ಬನಿ!"

ಮುಂದಿನ ಸಾಲುಗಳು ನಕ್ಕವು. ಹಿಂದಿನ ಸಾಲಿನಲ್ಲಿ ಒಬ್ಬರೂ ನಗಲಿಲ್ಲ.

ಅಕ್ಕ ಬರ್ನರ್ ಆರಿಸಿದರು. ಒಡೆದ ಮಣಿಯನ್ನು ಕಡ್ಡಿಯ ಸಮೇತ ಬೂದಿಗೆ ಊರಿದರು, ಒಡೆಯದ್ದನ್ನು ಊರುವಷ್ಟೇ ಜಾಗ್ರತೆಯಿಂದ. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಹೇಳಿದರು:

"ಎಣ್ಣೆ ದೀಪಕ್ಕೆ ಫ್ಯಾನ್ ನಿಲ್ಸಿದ್ರಿ. ನನ್ ದೀಪಕ್ಕೆ ನಿಲ್ಸುಕಾತಿಲ್ಲೆ, ಅಲ್ದಾ?"

ಯಾವಾಗಲೂ 'ನೀನು' ಅನ್ನುವವರು ಆ ದಿನ 'ನೀವು' ಅಂದರು. ಅಧ್ಯಕ್ಷರು ಬಂದು ಅವರಿಗೆ ಶಾಲು ಹೊದೆಸಿದರು. ಅಕ್ಕ ಫೋಟೊ ಆಗುವವರೆಗೆ ನಿಂತು, ಶಾಲು ಮಡಚಿ ಕುರ್ಚಿಯ ಮೇಲಿಟ್ಟು, ಊಟ ಮಾಡದೆ ಬಸ್ಸು ಹತ್ತಿ ಹೋದರು.

ನಾನು ಇನ್ನೊಂದು ತಪ್ಪು ಮಾಡಿದೆ. ವಾರ ಬಿಟ್ಟು ಆ ಶಾಲು ಹಿಡಿದುಕೊಂಡು ನಾವುಂದಕ್ಕೆ ಹೋದೆ.

"ಬಿಟ್ಟ್ ಬಂದಿದ್ರಿ, ಅಕ್ಕ."

"ಅಲ್ಲೇ ಇಡ್. ಮೀನ್ ಬುಟ್ಟಿ ಮುಚ್ಚುಕಾತ್ತ್."

ಒಳಗೆ ಕರೆದು ಚಾ ಕೊಟ್ಟರು. ಆಗ ಗೊತ್ತಾಯಿತು, ಅವರ ಬಲಗಣ್ಣಿಗೆ ಪೊರೆ ತೆಗೆದಾಗಿದೆ, ಎಡಗಣ್ಣಿಗೂ ಬಂದಿದೆ. ಗಾಜು ಉರಿಯಲ್ಲಿ ಕಾಯುವಾಗ ಬರುವ ಹಳದಿ ಬೆಳಕನ್ನು ತಡೆಯಲು ಬೇರೆಯೇ ಕನ್ನಡಕ ಇದೆ. ನಮ್ಮಂಥವರು ಹಾಕುತ್ತೇವೆ. ಅಕ್ಕನ ಕಾಲದಲ್ಲಿ ಅದರ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಆಪರೇಷನ್ ಆದ ಮೇಲೆ ಉರಿಯ ಎದುರು ಕೂರಲೇಬಾರದು ಅಂತ ಡಾಕ್ಟರು ಹೇಳಿದ್ದಾರಂತೆ. ಅದಕ್ಕೇ ಮುಂದೆ ಹಾಕುತ್ತಾ ಬಂದಿದ್ದರು.

"ಎಂತಕ್ ಮುಂದ್ ಹಾಕ್ತ್ರಿ? ಮಾಡ್ಸ್ಕಣಿ" ಎಂದೆ.

"ಮಾಡ್ಸ್ಕಂಡ್ರೆ ಬಂಗ್ಡೆ ಕಣ್ಣ್ ಯಾರ್ ಮಾಡುದ್? ಒಬ್ಬೊಬ್ರನ್ನೇ ಮನೆಗ್ ಕರ್ದ್ ಕಲ್ಸ್ತೆ ಅಂದ್ರೆ ನನ್ ಕಣ್ಣ್ ಅಷ್ಟ್ ದಿನ ಬಪ್ಪುದಿಲ್ಲೆ. ಒಂದೇ ಸಲ ಎಲ್ರಿಗೂ ತೋರ್ಸುವ ಅಂದ್ಹೇಳಿ ಅಲ್ದಾ ನಾನ್ ಅಲ್ಲಿಗ್ ಬಂದದ್ದ್?" ಅಂದರು. ನನ್ನ ಖಾಲಿ ಲೋಟ ಎತ್ತಿಕೊಂಡು, "ನಿಮ್ ಸಮ್ಮೇಳ್ನಕ್ಕೆ ಇನ್ ನನ್ನ ಕರಿಬೇಡ ತಮ್ಮ" ಎಂದರು.

ಒಂದು ಕಣ್ಣು ಕಾಯುತ್ತಾ ಕೂತಿದೆ, ಒಂದು ವಿದ್ಯೆ ಹೋಗುವುದರಲ್ಲಿದೆ, ನಾವು ಹಾರ ತುರಾಯಿ ಲೆಕ್ಕದಲ್ಲಿದ್ದೇವೆ. ಬಸ್ಸಿನಲ್ಲಿ ನನ್ನೂರು ಉಪ್ಪುಂದಕ್ಕೆ ವಾಪಸು ಬರುವಷ್ಟು ಹೊತ್ತೂ ನನಗೆ ನನ್ನ ಮೇಲೆಯೇ ಅಸಹ್ಯ.

ಈ ಸಲದ ಸಮ್ಮೇಳನಕ್ಕೆ ಮೊದಲ ಮೀಟಿಂಗ್ ಅಧ್ಯಕ್ಷರ ಅಂಗಡಿಯ ಮೇಲಿನ ಕೋಣೆಯಲ್ಲಿ. ಅವರು ಆಗಲೇ ಹಳೇ ಪತ್ರಿಕೆಯಲ್ಲಿ ಹೆಸರು ಬದಲಿಸಿ ತಂದಿದ್ದರು. ನಾನು ಎದ್ದು ನಿಂತೆ. ಮಾತನಾಡಿ ಅಭ್ಯಾಸ ಇಲ್ಲ, ಬರೆದುಕೊಂಡು ಹೋಗಿದ್ದೆ. ವೇದಿಕೆ ಬೇಡ. ಅತಿಥಿಗಳು ಬೇಡ. ಶಾಲು ಬೇಡ. ಎಲ್ಲರೂ ತಮ್ಮ ತಮ್ಮ ಬರ್ನರ್ ತರಬೇಕು. ಬೆಳಿಗ್ಗೆಯಿಂದ ಕೆಲಸವೇ ನಡೆಯಬೇಕು. ಅಷ್ಟು ಓದಿ ಕೂತೆ.

ಅಧ್ಯಕ್ಷರು ನಕ್ಕರು. "ಗಣ್ಯರ್ ಇಲ್ದೆ ಸಮ್ಮೇಳನ ಹ್ಯಾಂಗಾತ್ತ್ ಮಾರಾಯಾ? ಪೇಪರಿಗೆ ಯಾರ್ ಫೋಟೊ ಕೊಡೂದ್? ಬೂದಿ ಡಬ್ಬಿದಾ?"

ಬ್ರಹ್ಮಾವರದ ಒಬ್ಬಳು ಹೆಂಗಸು ನಮ್ಮಲ್ಲಿದ್ದಾಳೆ, ಎರಡು ಮಕ್ಕಳ ತಾಯಿ, ಮನೆಯ ಹಿಂದಿನ ಬಚ್ಚಲುಕೊಟ್ಟಿಗೆಯಲ್ಲಿ ಬರ್ನರ್ ಇಟ್ಟುಕೊಂಡು ಕೆಲಸ ಮಾಡುವವಳು. ಅವಳು ಕೂತಲ್ಲಿಂದಲೇ ಹೇಳಿದಳು: "ಬೂದಿ ಒಳ್ಗೆ ಮಣಿಯಾರೂ ಇರತ್ತ್ ಮಾರಾಯ್ರೆ. ವೇದಿಕೆ ಒಳ್ಗ್ ಎಂತ ಇತ್ತ್?"

ಯಾರೋ ಕೆಮ್ಮಿದರು. ಅಧ್ಯಕ್ಷರ ಮುಖ ಕೆಂಪಾಯಿತು. "ಹಾಂಗಾರೆ ಹಾಲೂ ಇಲ್ಲೆ, ಊಟವೂ ಇಲ್ಲೆ. ಎಲ್ಲಿ ಮಾಡ್ತ್ರಿ? ಬೀಚಿನ ಬದಿಗಾ?"

ನಾನು ಕಾರ್ಡನ್ನು ಮಡಚಿ ಕಿಸೆಗೆ ಹಾಕಿಕೊಂಡೆ. "ಅಡ್ಡಿಲ್ಲೆ. ಆದ್ರೆ ಈ ಕಾರ್ಡ್ ನಾನ್ ಪ್ರೆಸ್ಸಿಗ್ ಕೊಡುದಿಲ್ಲೆ" ಎಂದೆ. ಕಾರ್ಯದರ್ಶಿ ಸಹಿ ಇಲ್ಲದೆ ಅಚ್ಚಾಗುವುದಿಲ್ಲ. ಕೈ ಎತ್ತಿಸಿದಾಗ ಅಲ್ಲಿದ್ದ ಮಣಿ ಮಾಡುವವರೆಲ್ಲ ನಮ್ಮ ಕಡೆ. ಅಧ್ಯಕ್ಷರು ಚಪ್ಪಲಿ ಮೆಟ್ಟಿ ಇಳಿದು ಹೋದರು. ರಾಜೀನಾಮೆ ಮಾತ್ರ ಕೊಡಲಿಲ್ಲ, ಅದು ಆಮೇಲೆ ತೊಂದರೆ ಕೊಟ್ಟಿತು.

ಜಾಗ ಹುಡುಕಲು ಎರಡು ತಿಂಗಳು ಹೋಯಿತು. ಶಾಲೆಯವರು ಗ್ಯಾಸ್ ಅಂದ ಕೂಡಲೇ ಬೇಡ ಅಂದರು. ದೋಣಿ ಕಟ್ಟುವ ಶೆಡ್ಡಿಗೆ ಹೋದೆವು, ಅಲ್ಲಿ ಮರದ ಹೊಟ್ಟು ಮೊಳಕಾಲು ಎತ್ತರ, ಒಂದು ಕಿಡಿ ಸಾಕು. ಕೊನೆಗೆ ಹಂಗಾರಕಟ್ಟೆಗೆ ಹೋಗುವ ದಾರಿಯಲ್ಲಿ ಮುಚ್ಚಿ ಹೋದ ಒಂದು ಹೆಂಚಿನ ಕಾರ್ಖಾನೆ ಸಿಕ್ಕಿತು. ಇಟ್ಟಿಗೆ ನೆಲ, ಎತ್ತರದ ಹೆಂಚಿನ ಮಾಡು, ಹೊಗೆ ಹೋಗಲು ಸಂದು. ಮೂಲೆಯಲ್ಲಿ ಮಾರಾಟವಾಗದೆ ಉಳಿದ ಹಳೇ ಹೆಂಚು ರಾಶಿ. ಕಾರ್ಖಾನೆಯ ಯಜಮಾನರು ಕೇಳಿದ್ದು ಒಂದೇ, ಹೋಗುವಾಗ ಗುಡಿಸಿ ಹೋಗಿ ಅಂತ.

ನನಗೆ ಹೆದರಿಕೆ ಗಾಳಿಯದ್ದು. ಊದುಬತ್ತಿಯ ಕಟ್ಟು ತೆಗೆದುಕೊಂಡು ಹೋಗಿ, ಶೆಡ್ಡಿನ ಆರು ಕಡೆ ಒಂದೊಂದು ಹಚ್ಚಿಟ್ಟು, ಹೊಗೆ ಎತ್ತ ಹೋಗುತ್ತದೆ ಅಂತ ನೋಡುತ್ತಾ ಕೂತೆ. ಬೆಳಿಗ್ಗೆ ಏಳಕ್ಕೆ ಹೊಗೆ ನೂಲು ಎಳೆದ ಹಾಗೆ ನೇರ. ಒಂಬತ್ತಕ್ಕೂ ಪರವಾಗಿಲ್ಲ. ಹತ್ತೂವರೆಗೆ ಪಡುಗಾಳಿ ಎದ್ದಿತು, ಆರೂ ಹೊಗೆ ಒಟ್ಟಿಗೆ ಮೂಡು ದಿಕ್ಕಿಗೆ ಮಲಗಿತು. ಟಾರ್ಪಾಲು ಕಟ್ಟಿ ನೋಡಿದೆವು, ಅದು ಹಾಯಿಯ ಹಾಗೆ ಬಡಿದುಕೊಂಡು ಇನ್ನೂ ಗಾಳಿ ಎಬ್ಬಿಸಿತು, ಉರಿಯ ಹತ್ತಿರ ಪ್ಲಾಸ್ಟಿಕ್ ಬೇರೆ.

ಬ್ರಹ್ಮಾವರದವಳು ಹೆಂಚಿನ ರಾಶಿ ತೋರಿಸಿ, "ಇದ್ನೇ ಪೇರ್ಸ್ದ್ರೆ ಎಂತ?" ಎಂದಳು. ಪೇರಿಸಿದೆವು. ಒಂದೊಂದು ಮೇಜಿನ ಸುತ್ತ ಕೂತವರ ಗಲ್ಲದ ಎತ್ತರಕ್ಕೆ ಹೆಂಚಿನ ಗೋಡೆ. ಮೊದಲ ಸಲ ನಾಲ್ಕೂ ಕಡೆ ಮುಚ್ಚಿಬಿಟ್ಟೆವು. ಉರಿ ನೇರ ನಿಂತಿತು, ಅರ್ಧ ಗಂಟೆಯಲ್ಲಿ ನಮಗೆ ತಲೆ ತಿರುಗಲು ಶುರುವಾಯಿತು, ಗ್ಯಾಸಿನ ಹೊಗೆ ಒಳಗೇ ನಿಲ್ಲುತ್ತಿತ್ತು. ಕೆಡವಿ, ಮೂಡುಗಡೆ ತೆರೆದು ಬಿಟ್ಟು, ಮೂರೇ ಕಡೆ ಕಟ್ಟಿದೆವು. ಹೆಂಚು ಹೊತ್ತು ಹೊತ್ತು ಎಲ್ಲರ ಕೈಯೂ ಕೆಂಪು.

ಇನ್ನು ತಣಿಸುವುದು. ಗಾಜಿನ ಮಣಿ ಹೊರಗೆ ಬೇಗ ತಣಿದು ಒಳಗೆ ಬಿಸಿ ಉಳಿದರೆ ಒಡೆಯುತ್ತದೆ, ಇವತ್ತಲ್ಲದಿದ್ದರೆ ನಾಳೆ. ಒಬ್ಬರ ಹತ್ತಿರ ಚಿಕ್ಕ ಕರೆಂಟಿನ ಕುಲುಮೆ ಇತ್ತು, ಪರೀಕ್ಷೆ ಮಾಡಿದ ದಿನವೇ ಕರೆಂಟು ಹೋಗಿ ಒಳಗಿದ್ದ ಮಣಿ ಅಷ್ಟೂ ಹೋಯಿತು. ಹಾಗಾಗಿ ಹಳೇ ದಾರಿಯೇ ಸರಿ ಅಂತ ಅಕ್ಕಿ ಮಿಲ್ಲಿನಿಂದ ಉಮಿ ಬೂದಿ ತಂದು ಡ್ರಮ್ಮಿಗೆ ತುಂಬಿ, ಕೆಳಗೆ ಕೆಂಡ ಹಾಕಿ ಬಿಸಿ ಮಾಡಿದೆವು. ಹತ್ತು ಮಣಿ ಊರಿದೆ. ನಾನು ಆತುರಗಾರ, ಅದೇ ಸಂಜೆ ತೆರೆದೆ. ಎರಡು ಒಡೆದಿತ್ತು. ಇನ್ನು ಹತ್ತು ಊರಿ ಮಾರನೇ ದಿನ ಬೆಳಿಗ್ಗೆವರೆಗೆ ಮುಟ್ಟದೆ ಬಿಟ್ಟಾಗ ಹತ್ತೂ ಸರಿ.

ಅಲ್ಲಿಗೆ ಇನ್ನೊಂದು ನಿರ್ಧಾರ ಆಯಿತು. ಸಮ್ಮೇಳನ ಒಂದು ದಿನದ್ದಲ್ಲ, ಎರಡು ದಿನದ್ದು. ಮೊದಲ ದಿನ ಮಾಡುವುದು, ಎರಡನೇ ದಿನ ಬೂದಿ ತೆರೆದು ನೋಡುವುದು. ಇಷ್ಟು ವರ್ಷ ಮಣಿಯವರ ಸಮ್ಮೇಳನ ಅಂತ ಮಾಡಿ, ಮಣಿ ತಣಿಯುವಷ್ಟು ಹೊತ್ತೂ ನಾವು ಕಾಯಲಿಲ್ಲವಲ್ಲ! ಬೈಂದೂರು ಕಡೆಯವರಿಗೆ ಮಲಗಲು ಬ್ರಹ್ಮಾವರದವರ ಮನೆಗಳು.

ಆಮೇಲೆ ಅಕ್ಕನ ಮನೆಗೆ ಹೋದೆ. ಪತ್ರಿಕೆ ಒಯ್ಯಲಿಲ್ಲ, ಪತ್ರಿಕೆ ಅಚ್ಚೇ ಹಾಕಿಸಿರಲಿಲ್ಲ.

"ಸಮ್ಮೇಳ್ನಕ್ಕೆ ಕರೂಕ್ ಬಂದದ್ದಲ್ಲ ಅಕ್ಕ. ಒಂದ್ ಜಾಗ ಕಾಂಬುಕ್ ಬನಿ, ಸಾಕ್."

ಬಂದರು. ಬೇಕಂತಲೇ ಹತ್ತೂವರೆಯ ಗಾಳಿಗೇ ಕರೆದುಕೊಂಡು ಹೋದೆ. ಹೆಂಚಿನ ಗೋಡೆಯ ನಡುವೆ ಕೂತು, ಬೆಂಕಿಕಡ್ಡಿ ಗೀರಿ ಹಿಡಿದರು. ಉರಿ ಅಲುಗಲಿಲ್ಲ. ಬೆರಳಿಗೆ ಬರುವವರೆಗೂ ಹಿಡಿದು ನೋಡಿದರು.

"ಫ್ಯಾನ್ ಎಲ್ಲಿತ್ತ್?"

"ಇಲ್ಲೆ, ಅಕ್ಕ."

"ಮೈಕ್?"

"ಇಲ್ಲೆ."

"ಶಾಲ್?"

"ಅದೂ ಇಲ್ಲೆ."

"ಊಟಕ್ಕಾರೂ ಎಂತಾರೂ ಇತ್ತಾ?"

"ಗಂಜಿ. ಬಂಗ್ಡೆ ಸುಡುದ್."

"ಹಾಂಗಾರೆ ಬತ್ತೆ" ಎಂದರು. ಎದ್ದು ನಿಂತು ಒಂದು ಮಾತು ಸೇರಿಸಿದರು: "ಒಟ್ರಾಸಿ ಎಲ್ರೂ ನನ್ ಮೇಲ್ ಬೀಳುಕಾಗ. ಐದೈದ್ ಜನ. ನನ್ ಎದ್ರಿಗಲ್ಲ, ಹಿಂದ್ ನಿಂತ್ಕಣಿ. ಎದ್ರಿಂದ ಕಂಡ್ರೆ ಕೈ ಉಲ್ಟಾ ಕಾಂತ್."

ಇಪ್ಪತ್ತು ವರ್ಷದಲ್ಲಿ ನೋಡಿದ ಎಲ್ಲ ಪ್ರಾತ್ಯಕ್ಷಿಕೆಯನ್ನೂ ನಾನು ಎದುರಿನಿಂದಲೇ ನೋಡಿದ್ದೆ.

ಸಮ್ಮೇಳನದ ದಿನ ಏಳಕ್ಕೆಲ್ಲ ಬರ್ನರುಗಳು ಹೊತ್ತಿದವು. ಸ್ವಾಗತ ಇಲ್ಲ, ಪ್ರಾರ್ಥನೆ ಬೇಕಾದವರು ತಮ್ಮಷ್ಟಕ್ಕೆ ಕೈ ಮುಗಿದರು. ಅಕ್ಕನ ಹಿಂದೆ ಐದೈದು ಜನ. ನೋಡಿದವರು ತಮ್ಮ ಮೇಜಿಗೆ ಹೋಗಿ ಅದನ್ನೇ ಮಾಡಬೇಕು, ಎಲ್ಲರೂ ಒಂದೊಂದು ಬಂಗುಡೆ ಕಣ್ಣು ಬೂದಿಗೆ ಹಾಕಲೇಬೇಕು ಅಂತ ನಿಯಮ.

ಅಕ್ಕ ಗಾಜಿನ ಕೋಲನ್ನು ಒಮ್ಮೆಲೇ ಉರಿಗೆ ತುರುಕುವುದಿಲ್ಲ, ಉರಿಯ ಅಂಚಿನಲ್ಲಿ ಆಡಿಸಿ ಆಡಿಸಿ ಒಳಗೆ ತರುತ್ತಾರೆ. ಕಡ್ಡಿ ಎಡಗೈಯಲ್ಲಿ ತಿರುಗುತ್ತಲೇ ಇರುತ್ತದೆ. ಮಣಿ ಉರುಟಾದ ಮೇಲೆ ಬೆಳ್ಳಿ ಬಿಲ್ಲೆ ಇಟ್ಟು ಚಮಚದ ಬೆನ್ನಿನಿಂದ ಒತ್ತುತ್ತಾರೆ. ಬೆಳ್ಳಿಯನ್ನು ಉರಿಗೆ ತೋರಿಸುವುದಿಲ್ಲ, ಮಣಿಯ ಬೆನ್ನನ್ನೇ ಕಾಯಿಸುತ್ತಾರೆ. ಕಪ್ಪು ಬೊಟ್ಟು. ಇನ್ನು ಮೇಲಿನ ಗಾಜು. ನಾವು ಅಷ್ಟೂ ಜನ ತಪ್ಪುತ್ತಿದ್ದದ್ದು ಇಲ್ಲೇ.

"ಮಧ್ಯಕ್ಕೆ ಇಡುಕಾಗ. ಎಲ್ರೂ ಮಧ್ಯಕ್ಕೆ ಇಡ್ತ್ರಿ, ಗಾಳಿ ಪಾಪ ಎಲ್ಲಿಗ್ ಹೋಪುದ್? ಒಂದ್ ಬದಿಂದ ಒರಗ್ಸಿ ಇಡ್ಕ್. ಚಾಪೆ ಬಿಡ್ಸ್ದಂಗೆ. ಕಂಡ್ಯಾ ಹೆಣ್ಣೆ? ಗಾಳಿನ ಬಾಗ್ಲಿಗ್ ಕಳ್ಸಿ ಆಮೇಲ್ ಮುಚ್ಚುದ್."

ಬ್ರಹ್ಮಾವರದವಳು ಅಕ್ಕನ ಭುಜದ ಮೇಲೆ ಗಲ್ಲ ಊರುವಷ್ಟು ಹತ್ತಿರ ನಿಂತಿದ್ದಳು, ಕಣ್ಣು ಮಿಟುಕಿಸುತ್ತಿರಲಿಲ್ಲ.

ಹನ್ನೊಂದಕ್ಕೆ ಹೊರಗೆ ಕಾರಿನ ಶಬ್ದ. ಅಧ್ಯ‍ಕ್ಷರು. ಜೊತೆಗೆ ಬಿಳಿ ಅಂಗಿಯ ಒಬ್ಬರು ಗಣ್ಯರು, ಒಬ್ಬ ಫೋಟೊಗ್ರಾಫರ್, ಹಣ್ಣಿನ ಬುಟ್ಟಿ, ಶಾಲು. ಎರಡು ಜನ ಹಿಂದಿನ ಗಾಡಿಯಿಂದ ಏನೋ ಇಳಿಸುತ್ತಿದ್ದರು. ಸ್ಟ್ಯಾಂಡ್ ಫ್ಯಾನು.

"ಎರಡೇ ನಿಮ್ಷ, ಒಂದ್ ಫೋಟೊ" ಎಂದರು ಅಧ್ಯಕ್ಷರು. ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಫ್ಯಾನಿನವರು ಸ್ವಿಚ್ ಬೋರ್ಡ್ ಹುಡುಕಿ ಆಗಿತ್ತು. ಅದು ಇದ್ದದ್ದು ಮೂಡುಗಡೆ, ನಾವು ಹೊಗೆಗೆ ಅಂತ ತೆರೆದು ಬಿಟ್ಟ ಕಡೆ. ಫ್ಯಾನು ತಿರುಗಿತು, ಸೀದಾ ಅಕ್ಕನ ಮೇಜಿಗೆ. ಅಕ್ಕ ಆಗಷ್ಟೇ ಮೇಲಿನ ಗಾಜು ಒರಗಿಸುತ್ತಿದ್ದರು. ಉರಿ ಮಲಗಿತು.

ನಾನು ಓಡಿ ಹೋಗಿ ಪ್ಲಗ್ಗನ್ನೇ ಕಿತ್ತೆ.

"ಎಂತ ಮಾಡ್ತ್ಯಾ? ಗಣ್ಯರ್ ನಿಂತಿದ್ರ್!"

"ಮಣಿ ಬೂದಿಗ್ ಹೋಪವರೆಗೆ ನಿಲ್ಲಿ. ಆಮೇಲ್ ಕಾಂಬ."

ಅಧ್ಯಕ್ಷರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಮುದಿ ಪ್ರಾಯಕ್ಕೆ ಎಸ್ಸೆಸ್ಸೆಲ್ಸಿ ಮಾಡ್ದವ, ನಂಗೆ ಸಭೆ ಮಾಡುಕ್ ಕಲ್ಸ್ತ್ಯಾ?"

ಈ ಮಾತು ಯಾರಾದರೂ ಒಂದು ದಿನ ಹೇಳುತ್ತಾರೆ ಅಂತ ಗೊತ್ತಿತ್ತು. ಪ್ಲಗ್ಗನ್ನು ಕೈಯಿಂದ ಬಿಡಲಿಲ್ಲ.

ಅಕ್ಕ ಮಣಿಯಿಂದ ಕಣ್ಣು ತೆಗೆಯದೆ ಹೇಳಿದರು: "ಮಾತ್ ಸಾಕ್. ಬಾಯಿ ಗಾಳಿಯೂ ಗಾಳಿಯೇ."

ಗಣ್ಯರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡು, ವಾಚು ನೋಡಿ, ಬೇರೆ ಕಾರ್ಯಕ್ರಮ ಇದೆ ಅಂತ ಹೋದರು. ಅಧ್ಯಕ್ಷರೂ ಹಿಂದೆಯೇ ಹೋದರು. ಹಣ್ಣಿನ ಬುಟ್ಟಿ ತೆಗೆದುಕೊಂಡು ಹೋಗಲು ನೆನಪಿತ್ತು, ಫ್ಯಾನು ಮರೆತರು. ಈಗ ಅದರ ಎದುರು ನಾವು ಮಣ್ಣು ಬಳಿದ ಕಡ್ಡಿ ಒಣಗಿಸುತ್ತೇವೆ.

ಮರುದಿನ ಬೆಳಿಗ್ಗೆ ಎಲ್ಲರೂ ಡ್ರಮ್ಮಿನ ಸುತ್ತ ಸೇರಿದೆವು. ಮೊದಲು ತೆಗೆದದ್ದು ಅಕ್ಕನ ಮಣಿ, ಫ್ಯಾನಿನ ಗಾಳಿ ತಾಗಿದ್ದು. ಅವರು ಬೆಳಕಿಗೆ ಹಿಡಿದರು. ಬಿಲ್ಲೆಯ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು. "ಇದ್ ಹೋಯ್ತ್" ಅಂತ ಪಕ್ಕಕ್ಕಿಟ್ಟರು. ಎರಡು ನಿಮಿಷದ ಫೋಟೊಕ್ಕೆ!

ಆಮೇಲೆ ನಮ್ಮದು. ಅಕ್ಕ ತಗ್ಗಿನ ಸ್ಟೂಲಿನ ಮೇಲೆ ಕೂತು, ಬಲಗಣ್ಣಿಗೆ ಹತ್ತಿರ ಹಿಡಿದು ಒಂದೊಂದನ್ನೇ ನೋಡಿದರು. ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ.

"ನಿನ್ನೆದ್ದ್." "ಇದೂ ನಿನ್ನೆದ್ದ್." "ಇದ್ ಮೊನ್ನೆದ್ದ್, ನಾತ ಬತ್ತಾ ಇತ್ತ್." ನಗು. ನನ್ನದು ಬಂತು. ಸ್ವಲ್ಪ ಹೊತ್ತು ನೋಡಿ, "ತಮ್ಮ, ಇದ್ ತೆಂಗಿನ್ ಬುಡಕ್ಕೆ ಹಾಕುಕಾತ್ತ್" ಎಂದರು. ಎಲ್ಲರಿಗಿಂತ ಜೋರು ನಾನೇ ನಕ್ಕೆ.

ಬ್ರಹ್ಮಾವರದವಳ ಮಣಿ ಅಕ್ಕನ ಕೈಗೆ ಬಂತು. ತಿರುಗಿಸಿದರು. ಬಾಗಿಲ ಬೆಳಕಿಗೆ ಹಿಡಿದರು. ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. ಅವಳು ಉಗುರು ಕಚ್ಚುತ್ತಿದ್ದಳು. ನಾನು ನಿಂತಲ್ಲಿಂದಲೇ ಆ ಮಣಿ ನನ್ನನ್ನು ನೋಡುತ್ತಿರುವುದು ಕಾಣುತ್ತಿತ್ತು.

"ಇದ್ಕೆ ಎಷ್ಟ್ ಅಂದ್ಹೇಳಿ ಕೇಳ್ಲಕ್ಕ್" ಎಂದರು ಅಕ್ಕ. ಸಂತೆಯಲ್ಲಿ ರೇಟು ಕೇಳುವುದು ಇವತ್ತಿನ ಮೀನಿಗೆ ಮಾತ್ರ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮ, ಕಣ್ಣಿನ್ ಡಾಕ್ಟ್ರಿಗೆ ಫೋನ್ ಮಾಡ್. ಯಾವತ್ ಬರ್ಕ್ ಅಂದ್ಹೇಳಿ ಕೇಳ್."

ಪೇಪರಿನಲ್ಲಿ ನಮ್ಮ ಸಮ್ಮೇಳನದ ಸುದ್ದಿ ಬರಲಿಲ್ಲ. ಗಣ್ಯರಿಲ್ಲದ ಫೋಟೊ ಬೇಡವಂತೆ. ಅಧ್ಯಕ್ಷರು ಇನ್ನೂ ರಾಜೀನಾಮೆ ಕೊಟ್ಟಿಲ್ಲ, ಮುಂದಿನ ವರ್ಷಕ್ಕೆ ಹಾಲ್ ನೋಡಿ ಬಂದಿದ್ದಾರೆ ಅಂತ ಕೇಳಿದೆ. ಅಕ್ಕನಿಗೆ ಆಪರೇಷನ್ ಆಗಿದೆ, ಹಸಿರು ಪಟ್ಟಿ ತೆಗೆದಾಗಿದೆ. ಉರಿಯ ಎದುರು ಕೂರುವುದಿಲ್ಲ. ಬ್ರಹ್ಮಾವರದವಳು ವಾರಕ್ಕೊಮ್ಮೆ ಮಣಿ ತೆಗೆದುಕೊಂಡು ನಾವುಂದಕ್ಕೆ ಹೋಗುತ್ತಾಳೆ, ಬೈಸಿಕೊಂಡು ಬರುತ್ತಾಳೆ.

ನೀವು ಮಡಕೆ ಮಾಡುವವರಿರಬಹುದು, ಬಲೆ ನೇಯುವವರಿರಬಹುದು, ಚಂಡೆ ಬಾರಿಸುವವರಿರಬಹುದು. ನಿಮ್ಮ ಹೆಸರಿನಲ್ಲಿ ಸಭೆ ಮಾಡಿ ನಿಮ್ಮನ್ನೇ ಹಿಂದಿನ ಸಾಲಿನಲ್ಲಿ ಕೂರಿಸಿದ್ದುಂಟಾ? ನಿಮ್ಮಲ್ಲಿ ಯಾರಾದರೂ ಪ್ಲಗ್ಗು ಕಿತ್ತದ್ದುಂಟಾ? ಕಿತ್ತ ಮೇಲೆ ಏನಾಯಿತು? ದಯವಿಟ್ಟು ಬರೆದು ತಿಳಿಸಿ, ತಪ್ಪು ಅಕ್ಷರದಲ್ಲಾದರೂ ಅಡ್ಡಿಯಿಲ್ಲ. ನಾನು ಓದುವುದೂ ನಿಧಾನ, ಆದರೆ ಕೊನೆಯವರೆಗೆ ಓದುತ್ತೇನೆ.